ಭಾರ ಇಳಿಸಿ, ಕಂದನ ನಗು ಹಿಡಿಯಿರಿ

ಮಗು ಹುಟ್ಟಿದ ಸಂಭ್ರಮಕ್ಕೆ ನಿಮ್ಮವರು ಆಸೆಪಟ್ಟು ತಂದ ಆ ದೊಡ್ಡ ಕ್ಯಾಮೆರಾ ಈಗ ಎಲ್ಲಿದೆ? ಥಟ್ ಅಂತ ಹೇಳಿ ನೋಡೋಣ!

ಬೀರುವಿನ ಮೇಲೆ, ಹಳೇ ಸೂಟ್‌ಕೇಸಿನ ಪಕ್ಕ, ಕಪ್ಪು ಬ್ಯಾಗಿನೊಳಗೆ ಬೆಚ್ಚಗೆ ಮಲಗಿದೆ. ಹೌದು ತಾನೆ? ಗೌರಿ ಹಬ್ಬಕ್ಕೊಮ್ಮೆ, ಹುಟ್ಟುಹಬ್ಬಕ್ಕೊಮ್ಮೆ, ಸ್ಕೂಲ್ ಡೇಗೊಮ್ಮೆ ಕೆಳಗಿಳಿಯುತ್ತದೆ. ಇಳಿದಾಗ ಬ್ಯಾಟರಿ ಖಾಲಿ. ಚಾರ್ಜರ್ ಹುಡುಕಿ ತರುವಷ್ಟರಲ್ಲಿ ಕೇಕ್ ಕತ್ತರಿಸಿ, ಹಂಚಿಯೂ ಆಗಿರುತ್ತದೆ.

ಸಂಕೋಚಪಡಬೇಡಿ. ನಮ್ಮ ಮನೆಯಲ್ಲೂ ಆದದ್ದು ಇದೇ. ನನಗೆ ಏಳು ತಿಂಗಳು ತುಂಬಿದಾಗಲೇ ಯಜಮಾನರು ಡಿಎಸ್‌ಎಲ್‌ಆರ್ ಕ್ಯಾಮೆರಾ ತಂದಿಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಹಾಗೆ. ಜೊತೆಗೆ ಎರಡು ಲೆನ್ಸು, ಒಂದು ಫ್ಲ್ಯಾಶು, ಬೆನ್ನಿಗೆ ಹಾಕುವ ಚೀಲ. ಮೊದಲ ಆರು ತಿಂಗಳು ಪುಟ್ಟಿಯ ಒಂದೊಂದು ಆಕಳಿಕೆಗೂ ಹತ್ತತ್ತು ಫೋಟೊ. ಮಗು ಮಲಗಿದ್ದಲ್ಲೇ ಇರುವ ತನಕ ಎಲ್ಲವೂ ಚೆಂದವೇ. ಅವಳು ಅಂಬೆಗಾಲಿಡಲು ಶುರು ಮಾಡಿದಳು ನೋಡಿ, ಅಲ್ಲಿಂದ ಕ್ಯಾಮೆರಾಗೂ ನನಗೂ ಜಗಳ.

ಒಂದು ಭಾನುವಾರ ಲಾಲ್‌ಬಾಗ್‌ಗೆ ಹೋಗಿದ್ದೆವು. ಒಂದು ಹೆಗಲಲ್ಲಿ ಡೈಪರು, ಬಿಸಿನೀರಿನ ಫ್ಲಾಸ್ಕು, ರಾಗಿ ಸರಿ ಡಬ್ಬಿ ತುಂಬಿದ ಬ್ಯಾಗು. ಇನ್ನೊಂದು ಹೆಗಲಲ್ಲಿ ನಿದ್ದೆಗಣ್ಣಿನ ಮಗು. ಕುತ್ತಿಗೆಯಲ್ಲಿ ಕ್ಯಾಮೆರಾ. ಗಾಜಿನ ಮನೆಯ ಹತ್ತಿರ ಕೆಳಗಿಳಿಸಿದ್ದೇ ತಡ, ಪುಟ್ಟಿ ಯಾರ ಕೈಯನ್ನೂ ಹಿಡಿಯದೆ ನಾಲ್ಕು ಹೆಜ್ಜೆ ಇಟ್ಟೇಬಿಟ್ಟಳು. ಅವಳ ಮೊದಲ ಹೆಜ್ಜೆಗಳು! ನಾನು ಮಗುವನ್ನು ನೋಡಲೋ, ಬ್ಯಾಗು ಕೆಳಗಿಡಲೋ, ಲೆನ್ಸಿನ ಮುಚ್ಚಳ ತೆಗೆಯಲೋ? ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರುವಷ್ಟರಲ್ಲಿ ಅವಳು ಕೂತುಬಿಟ್ಟಿದ್ದಳು. ಆ ಫೋಟೊದಲ್ಲಿರುವುದು ಹುಲ್ಲಿನ ಮೇಲೆ ಕೂತ ಮಗು, ಪಕ್ಕದಲ್ಲಿ ಯಾರದೋ ಚಪ್ಪಲಿ ಕಾಲು.

ಇದನ್ನಾದರೂ ನಕ್ಕು ಮರೆಯಬಹುದು. ಮರೆಯಲಾಗದ್ದು ಇನ್ನೊಂದಿದೆ. ಬಾಣಂತನಕ್ಕೆಂದು ಬಂದ ನನ್ನಮ್ಮ ಮೂರು ವರ್ಷ ನಮ್ಮ ಜೊತೆಯಲ್ಲೇ ಉಳಿದರು. ದಿನಾ ಸಂಜೆ ಬಾಲ್ಕನಿಯಲ್ಲಿ ಪುಟ್ಟಿಯನ್ನು ಕಾಲ ಮೇಲೆ ಕೂರಿಸಿಕೊಂಡು, ಅಳಿಲು ತೋರಿಸುತ್ತಾ ಮೊಸರನ್ನದ ತುತ್ತಿಡುತ್ತಿದ್ದರು. ‘ಒಂದಿನ ದೊಡ್ಡ ಕ್ಯಾಮೆರಾದಲ್ಲಿ ಚೆನ್ನಾಗಿ ತೆಗೀಬೇಕು’ ಅಂತ ನಾನು ಅಂದುಕೊಂಡದ್ದೇ ಬಂತು. ಅಮ್ಮ ಈಗಿಲ್ಲ. ವರ್ಷದ ತಿಥಿಗೆಂದು ಫೋಟೊ ಹುಡುಕಲು ಕೂತೆ. ಕಂಪ್ಯೂಟರಿನಲ್ಲಿ ಸಾವಿರಾರು ಚಿತ್ರಗಳು. ಅಮ್ಮ ರೇಷ್ಮೆ ಸೀರೆಯುಟ್ಟು, ಸಾಲಿನ ಕೊನೆಯಲ್ಲಿ ಬಿಗಿಯಾಗಿ ನಿಂತ ಹಬ್ಬದ ಫೋಟೊಗಳು ಸಿಕ್ಕವು. ತುತ್ತಿಡುವ ಫೋಟೊ ದೊಡ್ಡ ಕ್ಯಾಮೆರಾದಲ್ಲಿ ಒಂದೂ ಇಲ್ಲ. ಮೊಬೈಲಿನಲ್ಲಿ ತೆಗೆದದ್ದು ಎರಡಿದ್ದವು. ಮುಸ್ಸಂಜೆಯ ಹೊತ್ತು, ಅಲುಗಿದ ಕೈ. ಮಸುಕು ಬಿಟ್ಟರೆ ಬೇರೇನೂ ಕಾಣದು.

ಅವತ್ತೇ ತೀರ್ಮಾನ ಮಾಡಿದೆ. ಲಾಕರಿನಲ್ಲಿರುವ ಕಾಸಿನ ಸರಕ್ಕಿಂತ ಕೊರಳಲ್ಲಿರುವ ಎರಡೆಳೆ ಸರವೇ ಮೇಲು. ಕ್ಯಾಮೆರಾ ವಿಷಯದಲ್ಲೂ ಅಷ್ಟೆ. ನೀವೂ ಇಂಥದೇ ಯೋಚನೆಯಲ್ಲಿದ್ದರೆ, ನಾನು ದುಡ್ಡು ಕೊಟ್ಟು ಕಲಿತ ಪಾಠಗಳನ್ನು ಪುಕ್ಕಟೆ ಕೇಳಿಸಿಕೊಳ್ಳಿ.

ತಕ್ಕಡಿಯಲ್ಲಿ ಇಟ್ಟು ನೋಡಿ

ಅಡುಗೆಮನೆಯ ತಕ್ಕಡಿ ಇದೆಯಲ್ಲ, ಅದರ ಮೇಲೆ ನಿಮ್ಮ ಕ್ಯಾಮೆರಾವನ್ನು ಇಡಿ. ನಮ್ಮಲ್ಲಿ ಬಹಳ ಮನೆಗಳಿಗೆ ಬಂದ ಕೆನಾನ್ 1500ಡಿ ಎಂಬ ಡಿಎಸ್‌ಎಲ್‌ಆರ್ ಬ್ಯಾಟರಿ, ಕಾರ್ಡು ಸೇರಿ ಸುಮಾರು 475 ಗ್ರಾಂ ತೂಗುತ್ತದೆ. ಅದರ ಜೊತೆ ಬರುತ್ತಿದ್ದ 18–55 ಮಿ.ಮೀ. ಲೆನ್ಸ್ 200 ಗ್ರಾಂ. ದೂರದ್ದನ್ನು ಹತ್ತಿರ ತೋರಿಸುವ 55–250 ಮಿ.ಮೀ. ಜೂಮ್ ಲೆನ್ಸ್ ಸುಮಾರು 390 ಗ್ರಾಂ. ಅಲ್ಲಿಗೇ ಒಂದು ಕೆ.ಜಿ. ದಾಟಿತು. ಚಾರ್ಜರ್, ಬ್ಯಾಗು ಬೇರೆ. ಯಜಮಾನರಿಗೆ ಫೋಟೊ ಹುಚ್ಚು ಸ್ವಲ್ಪ ಜಾಸ್ತಿಯೇ ಇದ್ದು 5ಡಿ ಮಾರ್ಕ್ 3ರಂಥ ದೊಡ್ಡ ಬಾಡಿ, 24–70 ಮಿ.ಮೀ. ಎಫ್ 2.8 ಲೆನ್ಸ್ ತಂದಿದ್ದರಂತೂ ಅವೆರಡೇ ಒಂದೂಮುಕ್ಕಾಲು ಕೆ.ಜಿ.

‘ಹತ್ತು ಕೆ.ಜಿ. ಮಗು ಎತ್ತಿಕೊಳ್ಳುವವಳಿಗೆ ಒಂದು ಕೆ.ಜಿ. ಯಾವ ಲೆಕ್ಕ?’ ಅಂತ ಮನೆಯಲ್ಲಿ ಕೇಳಬಹುದು. ಲೆಕ್ಕ ಇದೆ. ಮಗುವನ್ನು ಎತ್ತಿದ ಮೇಲೆ ನಮಗೆ ಉಳಿಯುವುದು ಒಂದೇ ಕೈ. ಡಿಎಸ್‌ಎಲ್‌ಆರ್ ಕೇಳುವುದು ಎರಡು ಕೈ. ಮಗುವನ್ನು ಕಂಕುಳಿಗೆ ಕೈ ಕೊಟ್ಟು ಮತ್ತೆ ಮತ್ತೆ ಎತ್ತುವ ತಾಯಂದಿರಿಗೆ ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನ ಹತ್ತಿರ ಒಂದು ಬಗೆಯ ನೋವು ಬರುವುದುಂಟು. ಡಿ ಕ್ವೆರ್ವೇನ್ ಅಂತ ವೈದ್ಯರು ಅದನ್ನು ಕರೆಯುತ್ತಾರೆ. ಆ ನೋವು ಇದ್ದಾಗ ಭಾರದ ಕ್ಯಾಮೆರಾವನ್ನು ಒಂಟಿ ಕೈಯಲ್ಲಿ ಹಿಡಿದರೆ ಗಾಯಕ್ಕೆ ಉಪ್ಪು ಸವರಿದ ಹಾಗೆ. ನೋವಿದ್ದರೆ ಸುಮ್ಮನಿರಬೇಡಿ, ಡಾಕ್ಟರಿಗೆ ತೋರಿಸಿ.

ಅಷ್ಟು ದಪ್ಪ ಯಾಕೆ?

ಡಿಎಸ್‌ಎಲ್‌ಆರ್ ಒಳಗೆ ಒಂದು ಪುಟ್ಟ ಕನ್ನಡಿ ಓರೆಯಾಗಿ ನಿಂತಿರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ ಕಳಿಸಿ ನಿಮ್ಮ ಕಣ್ಣಿಗೆ ತೋರಿಸುತ್ತದೆ. ಬಟನ್ ಒತ್ತಿದಾಗ ಕನ್ನಡಿ ಪಟ್ಟನೆ ಮೇಲೆದ್ದು ಬೆಳಕಿಗೆ ದಾರಿ ಬಿಡುತ್ತದೆ. ಮಲಗಿದ ಮಗುವನ್ನು ಬೆಚ್ಚಿಬೀಳಿಸುವ ಆ ‘ಟಕ್’ ಸದ್ದಿನಲ್ಲಿ ಈ ಕನ್ನಡಿಯ ಪಾಲೇ ದೊಡ್ಡದು. ಕನ್ನಡಿ ಏಳಲು ಜಾಗ ಬೇಕು, ಅದರ ಮೇಲೆ ಗಾಜಿನ ಗೋಪುರ ಬೇಕು. ಹಾಗಾಗಿ ದಪ್ಪ.

ಮಿರರ್‌ಲೆಸ್ ಅಂದರೆ ಹೆಸರೇ ಹೇಳುವಂತೆ ಈ ಕನ್ನಡಿ ಇಲ್ಲದ ಕ್ಯಾಮೆರಾ. ಲೆನ್ಸ್ ಕೂರುವ ಜಾಗಕ್ಕೂ ಚಿತ್ರ ಮೂಡುವ ಸೆನ್ಸರ್‌ಗೂ ಕೆನಾನ್ ಡಿಎಸ್‌ಎಲ್‌ಆರ್‌ನಲ್ಲಿ 44 ಮಿ.ಮೀ. ಅಂತರವಿದ್ದರೆ, ಅದೇ ಕಂಪೆನಿಯ ಮಿರರ್‌ಲೆಸ್ ಆರ್ ಸರಣಿಯಲ್ಲಿ 20 ಮಿ.ಮೀ. ಸಾಕು. ನಿಕಾನ್‌ನಲ್ಲಿ 46.5 ಇದ್ದದ್ದು ಝಡ್ ಸರಣಿಯಲ್ಲಿ 16ಕ್ಕೆ ಇಳಿದಿದೆ. ಲೆನ್ಸ್ ಬದಲಿಸಬಹುದಾದ ಈ ಬಗೆಯ ಕ್ಯಾಮೆರಾವನ್ನು ಜನರ ಕೈಗೆ ತಂದದ್ದು ಪ್ಯಾನಸಾನಿಕ್ ಜಿ1, 2008ರಲ್ಲಿ.

ಇಲ್ಲೊಂದು ತಮಾಷೆ ಕೇಳಿ. ಜಪಾನಿನಲ್ಲಿ ಕೆನಾನ್ ಕಂಪೆನಿ 1993ರಲ್ಲೇ ಪುಟ್ಟ ಮಕ್ಕಳಿರುವ ಮನೆಗಳಿಗೆಂದು ಹಗುರವಾದ ಫಿಲ್ಮ್ ಕ್ಯಾಮೆರಾ ತಂದು ‘ಕಿಸ್’ ಅಂತ ಹೆಸರಿಟ್ಟಿತು. ಮುಂದೆ ಅಲ್ಲಿನ ಮನೆಬಳಕೆಯ ಡಿಎಸ್‌ಎಲ್‌ಆರ್‌ಗಳೂ ಅದೇ ಹೆಸರಿನಲ್ಲಿ ಬಂದವು. 2018ರಲ್ಲಿ ಅದೇ ಮುದ್ದಿನ ಹೆಸರು ಮಿರರ್‌ಲೆಸ್ ಕ್ಯಾಮೆರಾದ ಮೇಲೂ ಬಂತು. ಅಮ್ಮಂದಿರ ಕೈಗೆ ಹಗುರವಾದದ್ದೇ ಬೇಕು ಅನ್ನುವುದು ಅವರಿಗೆ ಎಂದೋ ಗೊತ್ತಿತ್ತು!

ಮೊಬೈಲ್ ಸಾಲದೇ?

ಒಳ್ಳೆಯ ಪ್ರಶ್ನೆ. ನಿಜ ಹೇಳಬೇಕೆಂದರೆ, ಹಗಲು ಹೊತ್ತಿನಲ್ಲಿ, ಹತ್ತಿರ ನಿಂತ ಮಗುವಿಗೆ, ಊರಲ್ಲಿರುವ ಅಜ್ಜಿಗೆ ತಕ್ಷಣ ಕಳಿಸುವುದಕ್ಕೆ ಮೊಬೈಲೇ ಸಾಕು. ನಿಮ್ಮ ಫೋಟೊಗಳೆಲ್ಲ ಇಂಥವೇ ಆಗಿದ್ದರೆ ಈ ಲೇಖನವನ್ನು ಇಲ್ಲಿಗೇ ಬಿಟ್ಟು, ಉಳಿದ ದುಡ್ಡಿನಲ್ಲಿ ಒಂದು ಒಳ್ಳೆಯ ಆಲ್ಬಂ ಮಾಡಿಸಿ. ಬೆಣ್ಣೆ ಅಂಗೈಯಲ್ಲೇ ಇರುವಾಗ ತುಪ್ಪಕ್ಕೆ ಊರೆಲ್ಲ ಅಲೆಯುವುದು ಯಾಕೆ?

ಮೊಬೈಲ್ ಸೋಲುವುದು ಮೂರು ಕಡೆ. ಮನೆಯೊಳಗಿನ ಮಂದ ಬೆಳಕು, ಓಡುವ ಮಗು, ದೂರದ ವೇದಿಕೆ. ಕಾರಣ ಸರಳ. ಮಳೆ ಬರುವಾಗ ಅಂಗಳದಲ್ಲಿ ಬೋಗುಣಿ ಇಟ್ಟರೆ ಹೆಚ್ಚು ನೀರು ತುಂಬುತ್ತದೆ, ಲೋಟ ಇಟ್ಟರೆ ಕಡಿಮೆ. ಸೆನ್ಸರ್ ಅಂದರೆ ಬೆಳಕು ಹಿಡಿಯುವ ಪಾತ್ರೆ. ಹೆಚ್ಚಿನ ಮೊಬೈಲ್‌ಗಳಲ್ಲಿ ಅದು ಬೆರಳಿನ ಉಗುರಿನಷ್ಟು. ಕೆನಾನ್ 1500ಡಿಯಂಥ ಕ್ಯಾಮೆರಾಗಳಲ್ಲಿ ಸುಮಾರು 22 ಮಿ.ಮೀ.ಗೆ 15 ಮಿ.ಮೀ. ಅಷ್ಟೇ ದೊಡ್ಡ ಸೆನ್ಸರ್ ಇರುವ ಹಗುರ ಕ್ಯಾಮೆರಾಗಳೂ ಇವೆ ಅನ್ನುವುದೇ ನಮಗೆ ಸಮಾಧಾನ. ಭಾರ ಇಳಿಸಲು ಪಾತ್ರೆಯನ್ನು ಚಿಕ್ಕದು ಮಾಡಬೇಕಿಲ್ಲ.

ಇನ್ನೊಂದು ವಿಷಯ ತಾಯಂದಿರಿಗೆ ಗೊತ್ತೇ ಇದೆ. ಮೊಬೈಲ್ ಎತ್ತಿದ ತಕ್ಷಣ ಮಗು ಮಾಡುತ್ತಿದ್ದ ಆಟ ಬಿಟ್ಟು ‘ಕೊಡೂ... ಕಾರ್ಟೂನು...’ ಅಂತ ಓಡಿಬರುತ್ತದೆ. ಕ್ಯಾಮೆರಾದಲ್ಲಿ ಕಾರ್ಟೂನು ಬರುವುದಿಲ್ಲ, ಮಗು ತನ್ನ ಪಾಡಿಗೆ ತಾನು ಆಡುತ್ತಿರುತ್ತದೆ!

ಕೊಳ್ಳುವ ಮುಂಚೆ ಇಷ್ಟು ಮಾಡಿ

ಹೊಸದು ಅಂದಕೂಡಲೇ ಅಂಗಡಿಗೆ ಓಡಬೇಡಿ. ಕಾಸು ಖರ್ಚಿಲ್ಲದ ಎರಡು ಪರೀಕ್ಷೆಗಳಿವೆ.

ಮೊದಲನೆಯದು, ನಿಮಗೆ ಇಷ್ಟವಾದ ಐವತ್ತು ಫೋಟೊಗಳನ್ನು ಕಂಪ್ಯೂಟರಿನಲ್ಲಿ ಆರಿಸಿಕೊಳ್ಳಿ. ಒಂದೊಂದರ ಮೇಲೂ ಮೌಸ್‌ನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ಗೆ ಹೋಗಿ, ‘ಡೀಟೇಲ್ಸ್’ ನೋಡಿದರೆ ‘ಫೋಕಲ್ ಲೆಂತ್’ ಎಂಬ ಸಂಖ್ಯೆ ಕಾಣುತ್ತದೆ. ಅದನ್ನು ಹಾಲಿನ ಲೆಕ್ಕದ ಹಾಗೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನನ್ನ ಐವತ್ತರಲ್ಲಿ ನಲವತ್ತಕ್ಕೂ ಹೆಚ್ಚು ಫೋಟೊಗಳು 18ರಿಂದ 35ರ ನಡುವೆಯೇ ಇದ್ದವು. ಅಂದರೆ ಆ ದೊಡ್ಡ ಜೂಮ್ ಲೆನ್ಸನ್ನು ನಾನು ಸುಮ್ಮನೆ ಹೊತ್ತು ತಿರುಗಿದ್ದೆ.

ಎರಡನೆಯದು, ಒಂದು ತಿಂಗಳು ಜೂಮ್ ಲೆನ್ಸು, ಫ್ಲ್ಯಾಶು, ದೊಡ್ಡ ಬ್ಯಾಗು ಎಲ್ಲವನ್ನೂ ಒಳಗಿಟ್ಟು, ಒಂದೇ ಲೆನ್ಸ್ ಹಾಕಿದ ಕ್ಯಾಮೆರಾವನ್ನು ಹಾಲ್‌ನಲ್ಲಿ ಮಗುವಿಗೆ ಎಟುಕದ, ನಿಮಗೆ ಎಟುಕುವ ಜಾಗದಲ್ಲಿಡಿ. ಬ್ಯಾಟರಿ ಚಾರ್ಜ್ ಆಗಿರಲಿ. ಎಷ್ಟೋ ಸಲ ತೊಂದರೆ ಇರುವುದು ತೂಕದಲ್ಲಲ್ಲ, ಬೀರುವಿನ ಎತ್ತರದಲ್ಲಿ. ಬಳಸಲು ಶುರು ಮಾಡಿದರೆ ನೀವು ಗೆದ್ದಿರಿ, ದುಡ್ಡೂ ಉಳಿಯಿತು.

ಇನ್ನೂ ಸ್ವಲ್ಪ ಹಗುರವಾಗಲಿ ಅನ್ನಿಸಿದರೆ ‘ಪ್ಯಾನ್‌ಕೇಕ್’ ಲೆನ್ಸ್ ಅಂತ ಕೇಳಿ. ಹೆಸರಿಗೆ ತಕ್ಕಂತೆ ಸೆಟ್ ದೋಸೆಯ ಹಾಗೆ ಚಪ್ಪಟೆ. 2014ರಲ್ಲಿ ಬಂದ ಕೆನಾನ್‌ನ 24 ಮಿ.ಮೀ. ಪ್ಯಾನ್‌ಕೇಕ್ ತೂಗುವುದು 125 ಗ್ರಾಂ. ಅದನ್ನು ಹಾಕಿದರೆ 1500ಡಿ ಕೂಡ 600 ಗ್ರಾಂಗೆ ಇಳಿಯುತ್ತದೆ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಹೊಸ ಕ್ಯಾಮೆರಾಗಿಂತ ಎಷ್ಟೋ ಕಡಿಮೆ ದುಡ್ಡಿನಲ್ಲಿ ಕೆಲಸ ಮುಗಿಯಿತು.

ನಿಮ್ಮ ಮುಂದಿರುವ ಮೂರು ದಾರಿ

ಇಷ್ಟಾದ ಮೇಲೂ ಬದಲಿಸಲೇಬೇಕು ಅನ್ನಿಸಿದರೆ, ದಾರಿ ಮೂರು.

ಜೇಬಿನ ಕ್ಯಾಮೆರಾ: ಸೋನಿಯ ಆರ್‌ಎಕ್ಸ್100 ಸರಣಿಯಂಥವು. 2012ರಲ್ಲಿ ಬಂದ ಮೊದಲನೆಯದು ಬ್ಯಾಟರಿ ಸೇರಿ 240 ಗ್ರಾಂ. ಸೆನ್ಸರ್ ಮೊಬೈಲ್‌ಗಿಂತ ದೊಡ್ಡದು, ಡಿಎಸ್‌ಎಲ್‌ಆರ್‌ಗಿಂತ ಚಿಕ್ಕದು. ‘ಒಂದು ಇಂಚಿನ ಸೆನ್ಸರ್’ ಅಂತ ಅಂಗಡಿಯವರು ಹೇಳುತ್ತಾರೆ, ಅದು ಬರೀ ಹೆಸರು. ನಿಜವಾದ ಅಳತೆ 13.2ಕ್ಕೆ 8.8 ಮಿ.ಮೀ. ಜೂಮ್ ಇದೆ, ವ್ಯಾನಿಟಿ ಬ್ಯಾಗಿನಲ್ಲಿ ಕೂರುತ್ತದೆ.

ಒಂದೇ ಲೆನ್ಸಿನ ಕ್ಯಾಮೆರಾ: ರೀಕೋ ಜಿಆರ್ 3 (257 ಗ್ರಾಂ), ಫ್ಯೂಜಿಫಿಲ್ಮ್ ಎಕ್ಸ್100ವಿ (478 ಗ್ರಾಂ) ಈ ಜಾತಿಯವು. ಸೆನ್ಸರ್ ಡಿಎಸ್‌ಎಲ್‌ಆರ್‌ನಷ್ಟೇ ದೊಡ್ಡದು. ಆದರೆ ಜೂಮ್ ಇಲ್ಲ, ಲೆನ್ಸ್ ಬದಲಿಸುವಂತೆಯೂ ಇಲ್ಲ. ಹತ್ತಿರ ಬೇಕೆಂದರೆ ನೀವೇ ನಾಲ್ಕು ಹೆಜ್ಜೆ ಮುಂದೆ ಹೋಗಬೇಕು. ಮನೆಯೊಳಗಿನ ಬದುಕಿಗೆ ಹೇಳಿ ಮಾಡಿಸಿದ್ದು, ಬೆಲೆ ಮಾತ್ರ ಚುರುಕು ಮುಟ್ಟಿಸುತ್ತದೆ.

ಚಿಕ್ಕ ಮಿರರ್‌ಲೆಸ್: 2023ರಲ್ಲಿ ಬಂದ ಕೆನಾನ್ ಆರ್50 ಬ್ಯಾಟರಿ, ಕಾರ್ಡು ಸೇರಿ 375 ಗ್ರಾಂ. ಅದರ 18–45 ಮಿ.ಮೀ. ಲೆನ್ಸ್ 130 ಗ್ರಾಂ. ಎರಡೂ ಸೇರಿ ಅರ್ಧ ಕೆ.ಜಿ. ಚಿಲ್ಲರೆ. ನಿಕಾನ್ ಝಡ್50, ಸೋನಿ ಎ6000 ಕೂಡ ಇದೇ ಸಾಲಿನವು. ಮುಂದೆ ಬೇರೆ ಲೆನ್ಸ್ ಬೇಕೆನಿಸಿದರೆ ಹಾಕಿಕೊಳ್ಳಬಹುದು. ನಾನು ಆರಿಸಿಕೊಂಡದ್ದು ಈ ಮೂರನೇ ದಾರಿಯನ್ನೇ.

ಒಂದು ಕಿವಿಮಾತು. ಲೆಕ್ಕ ಹಾಕಿ ನೋಡಿದರೆ 1500ಡಿ ಮತ್ತು ಲೆನ್ಸಿಗೂ ಆರ್50 ಮತ್ತು ಲೆನ್ಸಿಗೂ ಇರುವ ವ್ಯತ್ಯಾಸ 170 ಗ್ರಾಂ ಮಾತ್ರ. ಬಾಡಿ ಬದಲಿಸಿ, ಹಳೇ ದೊಡ್ಡ ಲೆನ್ಸನ್ನೇ ಅಡಾಪ್ಟರ್ ಹಾಕಿ ಸಿಕ್ಕಿಸಿದರೆ ಅಡಾಪ್ಟರಿನ ತೂಕವೂ ಸೇರಿ ಭಾರ ಅಲ್ಲಿಂದಲ್ಲಿಗೇ. ಹಗುರವಾಗುವುದು ಚಿಕ್ಕ ಲೆನ್ಸಿನಿಂದ. ಇದನ್ನು ಮರೆತರೆ ದುಡ್ಡು ದಂಡ.

ಅಂಗಡಿಯಲ್ಲಿ ಏನು ನೋಡಬೇಕು?

ಮೆಗಾಪಿಕ್ಸೆಲ್ ಪುರಾಣಕ್ಕೆ ಕಿವಿಗೊಡಬೇಡಿ. ಸಾಧ್ಯವಾದರೆ ಮಗುವನ್ನೂ ಕರೆದುಕೊಂಡು ಹೋಗಿ. ಅದು ಅಂಗಡಿಯೊಳಗೆ ಸುಮ್ಮನೆ ನಿಲ್ಲುವುದಿಲ್ಲ, ನಮಗೆ ಬೇಕಾದದ್ದೂ ಅದೇ! ಓಡುವ ಮಗುವಿನ ಮುಖವನ್ನು, ಕಣ್ಣನ್ನು ಕ್ಯಾಮೆರಾ ತಾನಾಗಿಯೇ ಹಿಡಿದು ಹಿಂಬಾಲಿಸುತ್ತದೆಯೇ ನೋಡಿ. ಹಳೆಯ ಎಷ್ಟೋ ಡಿಎಸ್‌ಎಲ್‌ಆರ್‌ಗಳಲ್ಲಿ ಹಿಂದಿನ ಪರದೆ ನೋಡಿಕೊಂಡು ತೆಗೆದರೆ ಫೋಕಸ್ ಆಮೆಯ ಹಾಗೆ ಬರುತ್ತದೆ. ಹೊಸ ಮಿರರ್‌ಲೆಸ್‌ಗಳ ದೊಡ್ಡ ಲಾಭವೇ ಈ ಮುಖ ಹಿಡಿಯುವ ಚಾಳಿ.

ಮಡಚುವ, ತಿರುಗಿಸುವ ಪರದೆ ಇದೆಯೇ ಕೇಳಿ. ಮಕ್ಕಳ ಫೋಟೊ ಚೆಂದ ಬರುವುದು ಅವರ ಕಣ್ಣಿನ ಮಟ್ಟದಿಂದ ತೆಗೆದಾಗ. ಪರದೆಯನ್ನು ಮೇಲಕ್ಕೆ ತಿರುಗಿಸಿ ಕ್ಯಾಮೆರಾವನ್ನು ಮೊಣಕಾಲ ಮಟ್ಟಕ್ಕೆ ಇಳಿಸಿದರೆ ಸಾಕು, ನೆಲದ ಮೇಲೆ ಹೊರಳಾಡಬೇಕಿಲ್ಲ.

ಕಣ್ಣಿಟ್ಟು ನೋಡುವ ಕಿಂಡಿ ಇದ್ದರೆ ಒಳ್ಳೆಯದು. ಉರಿಬಿಸಿಲಿನಲ್ಲಿ ಪರದೆ ಸರಿಯಾಗಿ ಕಾಣುವುದಿಲ್ಲ. ಲೆನ್ಸಿನ ಮೇಲೆ ‘ಎಫ್’ ಮುಂದಿನ ಸಂಖ್ಯೆ ಚಿಕ್ಕದಿದ್ದಷ್ಟೂ ಹೆಚ್ಚು ಬೆಳಕು. ಎಫ್ 1.8 ಲೆನ್ಸ್ ಎಫ್ 3.5ಕ್ಕಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ಬೆಳಕು ಒಳಬಿಡುತ್ತದೆ. ಟ್ಯೂಬ್‌ಲೈಟ್ ಬೆಳಕಿನಲ್ಲೇ ನಡೆಯುವ ನಮ್ಮ ಸಂಜೆಗಳಿಗೆ ಇದು ಮುಖ್ಯ.

ಸದ್ದಿಲ್ಲದ ಶಟರ್ ಇದ್ದರೆ ಮಲಗಿದ ಮಗುವಿಗೆ ವರದಾನ. ಆದರೆ ಅದನ್ನು ಸದಾ ಹಾಕಿಡಬೇಡಿ. ಕೆಲವು ಟ್ಯೂಬ್‌ಲೈಟ್, ಎಲ್‌ಇಡಿ ದೀಪಗಳ ಕೆಳಗೆ ಫೋಟೊದಲ್ಲಿ ಪಟ್ಟೆ ಪಟ್ಟೆ ಬರಬಹುದು, ಓಡುವ ಮಗು ಸೊಟ್ಟಗೆ ಕಾಣಬಹುದು. ಓಡಾಟದ ಫೋಟೊಗೆ ಮಾಮೂಲಿ ಶಟರ್, ವೇಗ 1/500ರ ಆಸುಪಾಸು ಇರಲಿ.

ಕಳೆದುಕೊಳ್ಳುವುದೂ ಇದೆ

ಎಲ್ಲವೂ ಲಾಭ ಅಂತ ಹೇಳಿದರೆ ಸುಳ್ಳಾಗುತ್ತದೆ. ಡಿಎಸ್‌ಎಲ್‌ಆರ್ ಬ್ಯಾಟರಿ ದೊಡ್ಡ ಕುಳ. ನಿಕಾನ್ ಡಿ3500 ಒಂದು ಚಾರ್ಜಿಗೆ ಸುಮಾರು 1550 ಫೋಟೊ ತೆಗೆಯುತ್ತದೆಂದು ಕಂಪೆನಿಯ ಲೆಕ್ಕ. ಸೋನಿ ಎ6000ಗೆ ಆ ಲೆಕ್ಕ ಸುಮಾರು 360. ಹಾಗಾಗಿ ಇನ್ನೊಂದು ಬ್ಯಾಟರಿ ಕೊಳ್ಳಲೇಬೇಕು, ಬಜೆಟ್‌ನಲ್ಲಿ ಅದನ್ನೂ ಸೇರಿಸಿ.

ದೊಡ್ಡ ಕ್ಯಾಮೆರಾದ ಗಟ್ಟಿ ಹಿಡಿತ ಚಿಕ್ಕದರಲ್ಲಿ ಸಿಗುವುದಿಲ್ಲ. ಮಣಿಕಟ್ಟಿಗೆ ಪಟ್ಟಿ ಹಾಕದೆ ಎತ್ತಬೇಡಿ. ಸ್ಕೂಲ್ ಡೇಯಲ್ಲಿ ಹತ್ತನೇ ಸಾಲಿನಲ್ಲಿ ಕೂತು ವೇದಿಕೆಯ ಮೇಲಿನ ‘ಮೊಲ’ವನ್ನು ಹಿಡಿಯಲು ಜೇಬಿನ ಕ್ಯಾಮೆರಾಗಳು ಒದ್ದಾಡುತ್ತವೆ. ಅದಕ್ಕೆ ದೊಡ್ಡ ಜೂಮೇ ಬೇಕು. ಆದರೆ ವರ್ಷಕ್ಕೊಂದು ದಿನದ ಮೊಲಕ್ಕಾಗಿ ಉಳಿದ ಮುನ್ನೂರ ಅರವತ್ತನಾಲ್ಕು ದಿನ ಭಾರ ಹೊರುವುದೇ? ಬೆಂಗಳೂರಿನಂಥ ಊರುಗಳಲ್ಲಿ ಕ್ಯಾಮೆರಾ, ಲೆನ್ಸ್ ದಿನದ ಬಾಡಿಗೆಗೆ ಸಿಗುತ್ತವೆ. ಮದುವೆಗೆ ದೊಡ್ಡ ಪಾತ್ರೆ ಬಾಡಿಗೆಗೆ ತರುವುದಿಲ್ಲವೇ, ಹಾಗೆ.

ಹಳೆಯದನ್ನು ಏನು ಮಾಡೋಣ?

ಇಲ್ಲಿ ಸ್ವಲ್ಪ ನಾಜೂಕು ಬೇಕು. ಅದು ಯಜಮಾನರು ಪ್ರೀತಿಯಿಂದ ತಂದದ್ದು. ‘ನಿಮ್ಮ ಕ್ಯಾಮೆರಾ ಸರಿಯಿಲ್ಲ’ ಅಂತ ಶುರು ಮಾಡಿದರೆ ರಾಮಾಯಣ ಖಂಡಿತ. ಆ ಫೋಕಲ್ ಲೆಂತ್ ಚೀಟಿಯನ್ನು ಮುಂದಿಟ್ಟು, ‘ನೀವೇ ನೋಡಿ, ಏನು ಮಾಡಬಹುದು?’ ಅಂತ ಕೇಳಿ. ನಮ್ಮನೆಯಲ್ಲಿ ‘ಮಾರಿಬಿಡೋಣ’ ಅಂದದ್ದು ಅವರೇ!

ಮಾರುವುದಾದರೆ ತಡ ಮಾಡಬೇಡಿ, ಇಟ್ಟಷ್ಟೂ ಬೆಲೆ ಇಳಿಯುತ್ತದೆ. ಬಿಲ್ಲು, ಡಬ್ಬ, ಚಾರ್ಜರ್, ಮುಚ್ಚಳಗಳನ್ನು ಒಟ್ಟು ಮಾಡಿ. ಕೊಳ್ಳುವವರು ‘ಶಟರ್ ಕೌಂಟ್’ ಎಷ್ಟು ಅಂತ ಕೇಳಿಯಾರು. ಇದುವರೆಗೆ ಎಷ್ಟು ಕ್ಲಿಕ್ ಆಗಿದೆ ಅನ್ನುವ ಲೆಕ್ಕ ಅದು, ಸ್ಕೂಟರಿನ ಕಿಲೋಮೀಟರ್ ಇದ್ದ ಹಾಗೆ. ಎಲ್ಲಕ್ಕಿಂತ ಮುಖ್ಯ, ಮೆಮೊರಿ ಕಾರ್ಡನ್ನು ಯಾವ ಕಾರಣಕ್ಕೂ ಜೊತೆಗೆ ಕೊಡಬೇಡಿ. ಅಳಿಸಿದ ಫೋಟೊಗಳನ್ನು ಮತ್ತೆ ಹೊರತೆಗೆಯುವ ಸಾಫ್ಟ್‌ವೇರ್‌ಗಳಿವೆ. ಮಗುವಿಗೆ ಸ್ನಾನ ಮಾಡಿಸುವ ಫೋಟೊ ಗುರುತಿಲ್ಲದವರ ಕೈಗೆ ಹೋಗುವುದು ಬೇಡ.

ಇಟ್ಟುಕೊಳ್ಳುವುದಾದರೆ ಬಟ್ಟೆಯ ಬ್ಯಾಗಿನಲ್ಲಿ ಸುತ್ತಿ ಬೀರುವಿಗೆ ತುರುಕಬೇಡಿ. ಕತ್ತಲೆ, ತೇವ ಎರಡೂ ಸೇರಿದರೆ ಲೆನ್ಸಿನೊಳಗೆ ಜೇಡರ ಬಲೆಯಂಥ ಬೂಷ್ಟು ಹಿಡಿಯುತ್ತದೆ. ಮಂಗಳೂರು, ಕಾರವಾರ, ಮಡಿಕೇರಿಯಂಥ ಕಡೆ ಮಳೆಗಾಲದಲ್ಲಿ ಇದು ಮಾಮೂಲು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಾಯಿಸುವ ಜೆಲ್ ಆದರೆ ಯಾವಾಗ ಹೊಸದು ಹಾಕಬೇಕೆಂದು ತಿಳಿಯುತ್ತದೆ. ಆ ಪೊಟ್ಟಣ ಮಕ್ಕಳ ಕೈಗೆ ಸಿಗದಂತೆ ಜೋಪಾನ. ಆಗಾಗ ಹೊರತೆಗೆದು ನಾಲ್ಕು ಫೋಟೊ ತೆಗೆಯುತ್ತಿದ್ದರೆ ಇನ್ನೂ ಒಳ್ಳೆಯದು.

ಫೋಟೊದಲ್ಲಿ ನೀವೆಲ್ಲಿ?

ಕೊನೆಯದಾಗಿ ಒಂದು ಪ್ರಶ್ನೆ. ನಿಮ್ಮ ಮಗುವಿನ ಆಲ್ಬಂನಲ್ಲಿ ನೀವು ಎಷ್ಟು ಕಡೆ ಇದ್ದೀರಿ? ಎಣಿಸಿ ನೋಡಿ.

ಮನೆಯಲ್ಲಿ ಫೋಟೊ ತೆಗೆಯುವವರು ಯಾರೋ ಅವರು ಫೋಟೊದಲ್ಲಿ ಇರುವುದಿಲ್ಲ. ದೊಡ್ಡ ಕ್ಯಾಮೆರಾ ಇದ್ದಾಗ ನಮ್ಮತ್ತೆಯವರ ಕೈಗೆ ಕೊಟ್ಟರೆ ‘ಅಯ್ಯೋ, ನನ್ಗೆ ಬೇಡಮ್ಮ, ಬೀಳಿಸಿಬಿಟ್ಟೇನು’ ಅಂತ ಹಿಂದೆ ಸರಿಯುತ್ತಿದ್ದರು. ಈಗಿನ ಚಿಕ್ಕದನ್ನು ಆಟೊದಲ್ಲಿಟ್ಟು ಕೊಟ್ಟರೆ ಕನ್ನಡಕ ಏರಿಸಿಕೊಂಡು ಅವರೇ ‘ಇಲ್ಲಿ ನೋಡ್ರೇ’ ಅನ್ನುತ್ತಾರೆ. ಏಳು ವರ್ಷದ ಪುಟ್ಟಿಯಂತೂ ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡು ಮನೆಯೆಲ್ಲ ಸುತ್ತುತ್ತಾಳೆ. ಹೋದ ತಿಂಗಳು ನಾನು ಚಪಾತಿ ಬೇಯಿಸುವಾಗ ತೆಗೆದ ಒಂದು ಫೋಟೊ ಇದೆ. ಕೆದರಿದ ಕೂದಲು, ಹಳೇ ನೈಟಿ, ಕೆನ್ನೆಗೆ ಹಿಟ್ಟು, ಫೋಟೊ ಅರ್ಧ ಓರೆ. ನನ್ನ ಹಿಂದೆ ಗೋಡೆಯ ಮೇಲೆ, ಫ್ರೇಮಿನೊಳಗೆ ಅಮ್ಮ. ಅದನ್ನು ನಾನು ಅಳಿಸಿಲ್ಲ. ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದೇನೆ.

‘ಇರು, ಸೀರೆ ಬದಲಿಸಿ ಬರ್ತೀನಿ’ ಅನ್ನಬೇಡಿ. ನಾಳೆ ಮಕ್ಕಳು ಹುಡುಕುವುದು ರೇಷ್ಮೆ ಸೀರೆಯ ಅಮ್ಮನನ್ನಲ್ಲ, ದಿನಾ ಕಂಡ ಅಮ್ಮನನ್ನು. ಇವತ್ತು ಮಧ್ಯಾಹ್ನ ಕೆಲಸ ಮುಗಿದ ಮೇಲೆ ಆ ಕಪ್ಪು ಬ್ಯಾಗನ್ನು ಬೀರುವಿನಿಂದ ಕೆಳಗಿಳಿಸಿ. ತಕ್ಕಡಿಗೆ ಇಡಿ. ಆಮೇಲೆ ಏನು ಮಾಡಬೇಕೆಂದು ನಿಮಗೇ ತಿಳಿಯುತ್ತದೆ.

ನೆನಪಿಡಿ

* ಕೊಳ್ಳುವ ಮುಂಚೆ ನಿಮ್ಮ ಇಷ್ಟದ ಐವತ್ತು ಫೋಟೊಗಳ ಫೋಕಲ್ ಲೆಂತ್ ಬರೆದುಕೊಳ್ಳಿ.

* ಬಾಡಿಯ ತೂಕ ಮಾತ್ರ ಕೇಳಬೇಡಿ, ಲೆನ್ಸ್ ಹಾಕಿದ ಮೇಲಿನ ತೂಕ ಕೇಳಿ.

* ಅಡಾಪ್ಟರ್ ಹಾಕಿದರೂ ಹಳೇ ಲೆನ್ಸ್‌ಗಳೆಲ್ಲ ತಾವಾಗಿಯೇ ಫೋಕಸ್ ಆಗಲಿಕ್ಕಿಲ್ಲ. ನಿಕಾನ್‌ನ ಮೋಟಾರಿಲ್ಲದ ಹಳೆಯ ‘ಡಿ’ ಲೆನ್ಸ್‌ಗಳಿದ್ದರೆ ಅಂಗಡಿಯಲ್ಲೇ ಹಾಕಿ ನೋಡಿ.

* ಇನ್ನೊಂದು ಬ್ಯಾಟರಿ, ಮಣಿಕಟ್ಟಿನ ಪಟ್ಟಿ ಇವೆರಡೂ ಖರ್ಚಿನ ಲೆಕ್ಕದಲ್ಲಿರಲಿ.

* ಕ್ಯಾಮೆರಾ ಕೈಗೆಟುಕುವ ಜಾಗದಲ್ಲಿರಲಿ. ಭಾನುವಾರ ರಾತ್ರಿ ಚಾರ್ಜ್ ಮಾಡುವ ಅಭ್ಯಾಸ ಇಟ್ಟುಕೊಳ್ಳಿ.

* ಫೋಟೊಗಳನ್ನು ಎರಡು ಬೇರೆ ಬೇರೆ ಕಡೆ ಉಳಿಸಿಡಿ. ವರ್ಷಕ್ಕೊಮ್ಮೆಯಾದರೂ ಪ್ರಿಂಟ್ ಹಾಕಿಸಿ.

* ತಿಂಗಳಿಗೊಂದು ಫೋಟೊದಲ್ಲಾದರೂ ಮಗುವಿನ ಜೊತೆ ನೀವಿರಿ. ಅಜ್ಜ–ಅಜ್ಜಿಯರೂ ಇರಲಿ.